ಉಪ್ಪಿನ ಬೆಟ್ಟದ ಹೊಟ್ಟೆಯಲ್ಲೊಂದು ಚರ್ಚು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಕೊಲಂಬಿಯಾದ ಮಾತು ಬಂದಾಗ ಸಿಪಾಕಿರಾ ಎಂಬ ಊರಿನ ಹೆಸರು ಹೇಳಿದ್ದೆ. ಅಲ್ಲಿ ಉಪ್ಪಿನ ಗಣಿಯೊಳಗೆ, ನೆಲದಿಂದ ಸುಮಾರು 180 ಮೀಟರ್ ಕೆಳಗೆ, ಒಂದು ಚರ್ಚ್ ಇದೆ, ರಾಜಧಾನಿ ಬೊಗೋಟಾದಿಂದ ಒಂದು ದಿನದಲ್ಲಿ ಹೋಗಿ ಬರಬಹುದು ಅಂತ ಎರಡೇ ಎರಡು ಸಾಲು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಜಾಗ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಗ ಬೊಗೋಟಾದಲ್ಲಿ ಕೆಲಸದಲ್ಲಿದ್ದಾನೆ. ನಾವಿಬ್ಬರೂ ಹತ್ತು ದಿನಕ್ಕೆ ಹೋಗುತ್ತಿದ್ದೇವೆ. ಟೂರಿನವರ ಕಾಗದದಲ್ಲಿ ‘ಉಪ್ಪಿನ ಕ್ಯಾಥೆಡ್ರಲ್ ಮತ್ತು ಸ್ಪ್ಯಾನಿಷರ ಕಾಲದ ಹಳೇ ಊರು, ಒಂದು ದಿನ, ಗೈಡ್ ಸಮೇತ’ ಅಂತಿದೆ. ಯಾವ ಊರು ಅಂತ ಬರೆದಿಲ್ಲ. ದುಡ್ಡು ಕಟ್ಟಬಹುದಾ?
ವಿ. ಎನ್., ಬೆಂಗಳೂರು

ಕಟ್ಟುವ ಮೊದಲು ಊರಿನ ಹೆಸರು ಕೇಳಿ ಸಾರ್. ಆ ಒಂದು ಹೆಸರಿನ ಮೇಲೆ ನಿಮ್ಮ ಇಡೀ ದಿನ ನಿಂತಿದೆ. ‘ಹಳೇ ಊರು’ ಅಂದರೆ ಮೂರರಲ್ಲಿ ಯಾವುದೂ ಆಗಿರಬಹುದು.

ಒಂದು, ಸಿಪಾಕಿರಾ ಊರೇ. ಗಣಿ ಇರುವುದು ಈ ಊರಿನ ಪಕ್ಕದ ಬೆಟ್ಟದಲ್ಲಿ. ಬೊಗೋಟಾದಿಂದ ಸುಮಾರು 50 ಕಿಲೋಮೀಟರ್, ಅಂದರೆ ಬೆಂಗಳೂರಿಂದ ರಾಮನಗರಕ್ಕೆ ಹೋದಷ್ಟು. ಬೆಳಗ್ಗೆ ಗಣಿ, ಮಧ್ಯಾಹ್ನ ಊಟ, ಆಮೇಲೆ ಊರಿನ ಚೌಕ ಸುತ್ತಾಡಿ ಕತ್ತಲಾಗುವಷ್ಟರಲ್ಲಿ ಮಗನ ಮನೆ ಸೇರಬಹುದು.

ಎರಡು, ಗ್ವಾತವೀತಾ. ಬಿಳಿ ಗೋಡೆ, ಕೆಂಪು ಹೆಂಚು, ಮರದ ಬಾಲ್ಕನಿ, ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಆದರೆ ಇದು ಹಳೇ ಊರು ಅಲ್ಲವೇ ಅಲ್ಲ. ಹಳೇ ಗ್ವಾತವೀತಾ ತೊಮಿನೆ ಎಂಬ ಜಲಾಶಯದಲ್ಲಿ ಮುಳುಗಿತು. ಈಗ ನೋಡುವುದು 1960ರ ದಶಕದಲ್ಲಿ ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದ ಊರು. ನಮ್ಮಲ್ಲೂ ಅಣೆಕಟ್ಟಿಗೆ ಊರು ಬಿಟ್ಟವರ ಕಥೆ ಕೇಳಿದವರಿಗೆ ಅಲ್ಲಿ ನಿಂತಾಗ ಬೇರೆ ಏನೇನೋ ಅನ್ನಿಸುತ್ತದೆ, ಆದರೆ ಟೂರಿನ ಕಾಗದದಲ್ಲಿ ಅದನ್ನು ಬರೆಯುವುದಿಲ್ಲ ಅಲ್ವಾ. ಅಲ್ಲಿಂದ ಸ್ವಲ್ಪ ದೂರದಲ್ಲಿ ಗ್ವಾತವೀತಾ ಕೆರೆ ಇದೆ. ಮೈಗೆಲ್ಲ ಚಿನ್ನದ ಪುಡಿ ಬಳಿದುಕೊಂಡ ದೊರೆ ತೆಪ್ಪದಲ್ಲಿ ಹೋಗಿ ಚಿನ್ನವನ್ನು ನೀರಿಗೆ ಅರ್ಪಿಸುತ್ತಿದ್ದ ಎಂಬ ‘ಎಲ್ ದೊರಾದೊ’ ಕಥೆ ಹುಟ್ಟಿದ್ದು ಈ ಕೆರೆಯಿಂದ. ಆ ಚಿನ್ನದ ಆಸೆಗೆ 16ನೇ ಶತಮಾನದಲ್ಲೇ ಒಬ್ಬ ಸ್ಪ್ಯಾನಿಷ್ ವ್ಯಾಪಾರಿ ಕೆರೆಯ ಏರಿಯನ್ನೇ ಕಡಿಸಿ ನೀರು ಬಿಡಿಸಿದ, ಕಡಿದ ಗುರುತು ಈಗಲೂ ಕಾಣುತ್ತದೆ. ಊರಿಗಿಂತ ಕೆರೆಯೇ ನೋಡುವಂಥದ್ದು, ಆದರೆ ಸುಮಾರು 3,000 ಮೀಟರ್ ಎತ್ತರದಲ್ಲಿ ಹತ್ತಿ ಇಳಿಯಬೇಕು.

ಮೂರು, ವಿಯಾ ದೆ ಲೇವಾ. ಇದು ನಿಜವಾಗಿ ಹಳೇ ಊರು, 1572ರಲ್ಲಿ ಸ್ಥಾಪನೆ ಆಗಿದ್ದು. ಊರಿನ ನಡುವೆ ಕಲ್ಲು ಹಾಸಿದ ಚೌಕ, ಹತ್ತಿರ ಹತ್ತಿರ ಮೂರೂವರೆ ಎಕರೆ. ಅಷ್ಟು ದೊಡ್ಡ ಜಾಗದ ಮಧ್ಯೆ ಒಂದು ಪುಟ್ಟ ಕಾರಂಜಿ ಬಿಟ್ಟರೆ ಏನೂ ಇಲ್ಲ. ನನಗೆ ಕೊಲಂಬಿಯಾದಲ್ಲಿ ಬಹಳ ಹಿಡಿಸಿದ ಜಾಗಗಳಲ್ಲಿ ಇದೂ ಒಂದು. ಆದರೆ ಬೊಗೋಟಾದಿಂದ ದೂರ ಬೆಂಗಳೂರು-ಮೈಸೂರಿಗಿಂತ ಜಾಸ್ತಿ, ಅದೂ ಬೆಟ್ಟದ ರಸ್ತೆ, ಒಂದು ಕಡೆಗೇ ಮೂರೂವರೆ ನಾಲ್ಕು ಗಂಟೆ. ಗಣಿಯನ್ನೂ ಇದನ್ನೂ ಒಂದೇ ದಿನಕ್ಕೆ ಸೇರಿಸಿ ಮಾರುತ್ತಾರೆ. ಬೆಳಗ್ಗೆ ಐದೂವರೆಗೆ ವ್ಯಾನ್ ಹತ್ತಿ, ರಾತ್ರಿ ಹತ್ತಕ್ಕೆ ಇಳಿದು, ಎರಡನ್ನೂ ಕಿಟಕಿಯಿಂದ ನೋಡಿದ ಹಾಗಾಗುತ್ತದೆ. ಅಲ್ಲಿಗೆ ಹೋಗುವುದಾದರೆ ಒಂದು ರಾತ್ರಿ ಉಳಿಯಿರಿ. ನಿಮಗೆ ಹತ್ತು ದಿನ ಇದೆಯಲ್ಲ, ಏನು ಅವಸರ?

ನನ್ನನ್ನು ಕೇಳಿದರೆ ಸಿಪಾಕಿರಾ ಗಣಿ, ಸಿಪಾಕಿರಾ ಊರು. ಒಂದು ದಿನಕ್ಕೆ ಅಷ್ಟೇ ಸಾಕು. ಅಂದಹಾಗೆ, ಊರಿನ ಹೆಸರು ಇಂಗ್ಲಿಷಿನ ಝಡ್ ಅಕ್ಷರದಿಂದ ಶುರುವಾಗುತ್ತದೆ, ಆದರೆ ಅಲ್ಲಿಯವರು ‘ಸ’ ಅಂತಲೇ ಹೇಳುವುದು. ಬಸ್ಸಿನವರು ಇನ್ನೂ ಮೊಟಕು ಮಾಡಿ ‘ಸಿಪಾ, ಸಿಪಾ’ ಅಂತ ಕೂಗುತ್ತಾರೆ.

ಪ್ರಶ್ನೆ: ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ 31 ವರ್ಷ ಕೆಲಸ ಮಾಡಿದವರು. ನಿಮ್ಮ ಅಂಕಣ ಓದಿ ಹೇಳಿದೆ. ‘ಗಣಿಯೊಳಗೆ ಚರ್ಚ್ ಯಾಕೆ ಕಟ್ಟಿದರು, ಮೇಲಿಂದ ಬೀಳಲ್ವಂತಾ ಕೇಳು’ ಅಂದರು.
ಎ. ಡಿ., ಬಂಗಾರಪೇಟೆ

ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ಸರಿಯಾದ ಪ್ರಶ್ನೆ ಕೇಳಿದ್ದಾರೆ, ಅದೂ ಎರಡು. ಆಳದ ವಿಷಯದಲ್ಲಿ ಕೆಜಿಎಫ್ ಮುಂದೆ ಇದು ಏನೂ ಅಲ್ಲ, ಅವರು ಮೂರು ಕಿಲೋಮೀಟರ್ ಕೆಳಗೆ ಇಳಿದವರು.

ಯಾಕೆ ಅನ್ನುವುದಕ್ಕೆ ಉತ್ತರ ಅವರಿಗೇ ಗೊತ್ತಿರುತ್ತದೆ: ಕೆಳಗೆ ಇಳಿಯುವವರಿಗೆ ಮೇಲೆ ಬರುವ ಖಾತ್ರಿ ಇಲ್ಲ. ಕೆಲಸಕ್ಕೆ ಇಳಿಯುವ ಮುಂಚೆ ಕೈ ಮುಗಿಯಲು ಗಣಿ ಕಾರ್ಮಿಕರೇ ಸುರಂಗದೊಳಗೆ ಒಂದು ಚಿಕ್ಕ ಪೂಜಾಸ್ಥಳ ಕೆತ್ತಿಕೊಂಡಿದ್ದರು, 1930ರ ದಶಕದಲ್ಲಿ. ಆಗ ಗಣಿಯ ಆಡಳಿತ ಇದ್ದದ್ದು ಕೊಲಂಬಿಯಾದ ಕೇಂದ್ರ ಬ್ಯಾಂಕಿನ ಕೈಯಲ್ಲಿ. ನಮ್ಮ ರಿಸರ್ವ್ ಬ್ಯಾಂಕಿನಂಥದ್ದು ಉಪ್ಪಿನ ಗಣಿ ನಡೆಸುತ್ತಿತ್ತು ಅಂದರೆ ತಮಾಷೆ ಅನ್ನಿಸಬಹುದು, ಆದರೆ ಬೊಗೋಟಾದ ಪ್ರಸಿದ್ಧ ಚಿನ್ನದ ಮ್ಯೂಸಿಯಂ ಕೂಡ ಅದೇ ಬ್ಯಾಂಕಿನದೇ. ಕಾರ್ಮಿಕರ ಆ ಗೂಡನ್ನು ನೋಡಿ ದೊಡ್ಡದಾಗಿ ಮಾಡೋಣ ಅಂತ 1950ರಲ್ಲಿ ಕೆಲಸ ಶುರುವಾಗಿ 1954ರ ಆಗಸ್ಟ್ 15ಕ್ಕೆ ಮೊದಲ ಚರ್ಚ್ ಉದ್ಘಾಟನೆಯಾಯಿತು. ಗಣಿ ಕಾರ್ಮಿಕರು ತಮ್ಮನ್ನು ಕಾಯುವವಳು ಅಂತ ನಂಬಿದ ಜಪಸರ ಮಾತೆಯ, ಅಂದರೆ ಮೇರಿಯ, ಹೆಸರಿಗೆ.

ಈಗ ಎರಡನೇ ಪ್ರಶ್ನೆ. ಬೀಳುವ ಭಯ ಸುಮ್ನೆ ಅಲ್ಲ. ಗಣಿ ಕೆಲಸ ನಡೆಯುತ್ತಿದ್ದ ಬೆಟ್ಟದಲ್ಲೇ ಚರ್ಚ್ ಇತ್ತು. ಜನರ ಸುರಕ್ಷತೆಗೆ ಒಳ್ಳೆಯದಲ್ಲ ಅಂತ 1990ರ ದಶಕದ ಶುರುವಿನಲ್ಲಿ ಅದನ್ನು ಮುಚ್ಚಿಬಿಟ್ಟರು. ಈಗ ನಾವು ನೋಡುವುದು ಎರಡನೆಯದು. ಹಳೆಯದಕ್ಕಿಂತ ಸುಮಾರು 60 ಮೀಟರ್ ಕೆಳಗೆ, 1991ರಿಂದ 1995ರವರೆಗೆ ಮಾಡಿದ್ದು. ವಿನ್ಯಾಸ ರೊಸ್ವೆಲ್ ಗರಾವಿತೊ ಪರ್ಲ್ ಎಂಬ ವಾಸ್ತುಶಿಲ್ಪಿಯದು, ಕೈ ಮಾತ್ರ ನೂರಕ್ಕೂ ಹೆಚ್ಚು ಗಣಿ ಕಾರ್ಮಿಕರದು. ತೆಗೆದ ಉಪ್ಪುಬಂಡೆಯೇ ಸುಮಾರು ಎರಡೂವರೆ ಲಕ್ಷ ಟನ್. ನಾವು ಕಟ್ಟಡ ಅಂದರೆ ಕಲ್ಲಿನ ಮೇಲೆ ಕಲ್ಲು ಇಡುವುದು ಅಂದುಕೊಳ್ಳುತ್ತೇವೆ, ಇಲ್ಲಿ ಏನನ್ನೂ ಇಟ್ಟಿಲ್ಲ, ಬೇಡದ್ದನ್ನು ತೆಗೆದಿದ್ದಾರೆ ಅಷ್ಟೇ. ಮೇಲಿನ ಭಾರ ಹೊರಲು ಎಲ್ಲಿ ಬಂಡೆ ಬಿಡಬೇಕೋ ಅಲ್ಲಿ ಬಿಟ್ಟು, ಉಳಿದದ್ದನ್ನು ಕೆತ್ತಿದ್ದಾರೆ. ಮುಖ್ಯ ಅಂಗಳದಲ್ಲಿ ಆನೆಗಾತ್ರದ ನಾಲ್ಕು ಕಂಬಗಳಿವೆ, ಯೇಸುವಿನ ಕಥೆ ಹೇಳುವ ಸುವಾರ್ತೆ ಬರೆದ ನಾಲ್ವರ ಹೆಸರಲ್ಲಿ. ನಿಮ್ಮ ತಂದೆ ಅದನ್ನು ನೋಡಿದರೆ ಭಕ್ತಿಗಿಂತ ಮೊದಲು ‘ಪಿಲ್ಲರ್ ಸರಿಯಾಗಿ ಬಿಟ್ಟಿದ್ದಾರೆ’ ಅನ್ನುತ್ತಾರೆ ಅಂತ ನನಗನ್ನಿಸುತ್ತದೆ.

ಬಂಡೆ ಬೆಳ್ಳಗಿರುತ್ತದೆ ಅಂದುಕೊಂಡು ಹೋಗಬೇಡಿ. ಕಪ್ಪು-ಬೂದು ಬಣ್ಣ, ನಡುನಡುವೆ ಬಿಳಿ ಗೆರೆ. ಕೋಟ್ಯಂತರ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು, ಅದರ ಉಪ್ಪು ಮಣ್ಣಿನ ಜೊತೆ ಗಟ್ಟಿಯಾಗಿ, ಆಂಡಿಸ್ ಪರ್ವತ ಎದ್ದಾಗ ಅದರ ಜೊತೆ ಮೇಲೆ ಬಂದದ್ದು. ಈ ಬಂಡೆಗೆ ದೊಡ್ಡ ಶತ್ರು ನೀರು. ಉಪ್ಪಲ್ಲವೇ, ಕರಗುತ್ತದೆ.

ಪ್ರಶ್ನೆ: ಕ್ಯಾಥೆಡ್ರಲ್ ಅಂದರೆ ಬಿಷಪ್ ಇರಬೇಕಲ್ಲ? ಇಲ್ಲಿ ಇದ್ದಾರಾ? ಪೂಜೆ ನಡೆಯುತ್ತದಾ?
ಎಲ್. ಎಂ., ಮೈಸೂರು

ಸಂತ ಫಿಲೋಮಿನಾ ಊರಿನವರು ಈ ಪ್ರಶ್ನೆ ಕೇಳದೆ ಇನ್ಯಾರು ಕೇಳಬೇಕು! ಇಲ್ಲ, ಗಣಿಯೊಳಗಿನದು ಬಿಷಪ್ ಪೀಠ ಇರುವ ಪ್ರಧಾನಾಲಯ ಅಲ್ಲ. ಜನ ಹಾಗೆ ಕರೆದು ಕರೆದು ಅದೇ ಹೆಸರು ನಿಂತಿದೆ. ನಿಜವಾದ ಕ್ಯಾಥೆಡ್ರಲ್ ಮೇಲೆ ಊರಿನ ಚೌಕದಲ್ಲಿದೆ. ಅದನ್ನು ಕಟ್ಟಲು 1760ರಲ್ಲಿ ಶುರು ಮಾಡಿದರು, ಮುಗಿಯಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೆಳಗೆ ಭಾನುವಾರ ಪೂಜೆ ಇರುತ್ತದೆ. ನಿಮಗೆ ಪೂಜೆ ಮುಖ್ಯವಾದರೆ ಭಾನುವಾರ ಹೋಗಿ, ನೋಡುವುದಷ್ಟೇ ಆದರೆ ಭಾನುವಾರ ಬಿಟ್ಟು ಬೇರೆ ಯಾವತ್ತಾದರೂ ಹೋಗಿ. ಭಾನುವಾರದ ರಶ್ ಬೇಡ.

ಪ್ರಶ್ನೆ: ಒಳಗೆ ಏನೇನಿದೆ? ಅಮ್ಮನಿಗೆ 68, ಮಂಡಿ ನೋವು, ಬಿಪಿ. ಮುಚ್ಚಿದ ಜಾಗ ಅಂದರೆ ಸ್ವಲ್ಪ ಭಯ. ಕರೆದುಕೊಂಡು ಹೋಗಬಹುದಾ?
ಎಸ್. ಕೆ., ಶಿವಮೊಗ್ಗ

ಮಂಡಿಗಿಂತ ಮೊದಲು ಎತ್ತರದ ಬಗ್ಗೆ ಯೋಚಿಸಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಬೊಗೋಟಾ ಇರುವುದೇ 2,640 ಮೀಟರ್ ಎತ್ತರದಲ್ಲಿ, ಸಿಪಾಕಿರಾವೂ ಹೆಚ್ಚುಕಡಿಮೆ ಅಷ್ಟೇ. ವಿಮಾನ ಇಳಿದ ಮರುದಿನವೇ ಹೊರಡಬೇಡಿ. ಎರಡು ದಿನ ಮನೆಯಲ್ಲಿ ನಿಧಾನವಾಗಿ ಓಡಾಡಿ, ನೀರು ಚೆನ್ನಾಗಿ ಕುಡಿದು, ತಲೆನೋವು ಏದುಸಿರು ಇಲ್ಲ ಅಂತ ಖಾತ್ರಿಯಾದ ಮೇಲೆ ಹೋಗಿ. ಬಿಪಿ ಮಾತ್ರೆಯ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ.

ಗಣಿಯೊಳಗೆ ಹೆಚ್ಚಿನದು ಇಳಿಜಾರು ಹಾದಿ, ಕೆಲವು ಕಡೆ ಮೆಟ್ಟಿಲು. ಇಳಿಯುವಾಗ ಏನೂ ಅನ್ನಿಸುವುದಿಲ್ಲ, ವಾಪಸ್ ಬರುವಾಗ ಮಂಡಿ ಮಾತಾಡುತ್ತದೆ. ಎರಡು ಗಂಟೆ ನಡಿಗೆ ಇಟ್ಟುಕೊಳ್ಳಿ. ಒಳಗೆ 14 ಡಿಗ್ರಿ ಆಸುಪಾಸು, ಸ್ವೆಟರ್ ಬೇಕು. ಗಂಧಕದ ವಾಸನೆ ಸ್ವಲ್ಪ ಬರುತ್ತದೆ, ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಮುಚ್ಚಿದ ಜಾಗದ ಭಯ ಇರುವವರಿಗೆ ಶುರುವಿನ ಸುರಂಗ ಸ್ವಲ್ಪ ಕಷ್ಟ, ಒಳಗೆ ಹೋದ ಮೇಲೆ ಜಾಗ ಎಷ್ಟು ದೊಡ್ಡದು ಅಂದರೆ ಭಯ ತಾನಾಗಿ ಇಳಿಯುತ್ತದೆ. ಏನಿದ್ದರೂ ಗೈಡ್‌ಗೆ ಮೊದಲೇ ಹೇಳಿಟ್ಟಿರಿ.

ಒಳಗೆ ಮೊದಲು ಬರುವುದು ಶಿಲುಬೆ ಹಾದಿ. ಯೇಸುವಿನ ಕೊನೆಯ ನಡಿಗೆಯ 14 ಸ್ಥಳಗಳಿಗೆ 14 ಚಿಕ್ಕ ಗುಡಿಗಳ ಹಾಗೆ. ಮೂರ್ತಿಗಳಿಲ್ಲ, ಚಿತ್ರಗಳಿಲ್ಲ. ಉಪ್ಪಿನ ಶಿಲುಬೆ, ಮಂಡಿಯೂರಲು ಉಪ್ಪಿನದೇ ಮೆಟ್ಟಿಲು, ಸುತ್ತ ಗಣಿಯ ಖಾಲಿ ಗವಿ, ಅಷ್ಟೇ. ನನಗೆ ಇಡೀ ಜಾಗದಲ್ಲಿ ಇಷ್ಟವಾಗಿದ್ದು ಇದೇ ಭಾಗ. ಗೈಡ್‌ಗಳು ಇಲ್ಲೇ ಓಡಿಸುವುದು, ಯಾಕೆಂದರೆ ಫೋಟೋಗೆ ‘ಏನೂ ಇಲ್ಲ’. ಕೊನೆಯಲ್ಲಿ ಮುಖ್ಯ ಅಂಗಳ, ಎದುರಿಗೆ 16 ಮೀಟರಿನ ಶಿಲುಬೆ. ದೂರದಿಂದ ಯಾರೋ ತಂದು ನಿಲ್ಲಿಸಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಅಲ್ಲಿ ಶಿಲುಬೆಯೇ ಇಲ್ಲ, ಗೋಡೆಯಲ್ಲಿ ಕೊರೆದ ಖಾಲಿ ಜಾಗಕ್ಕೆ ಬೆಳಕು ಬಿಟ್ಟಿದ್ದಾರೆ! ಇನ್ನೊಂದು ಕಡೆ ಉಪ್ಪುನೀರಿನ ಕೊಳ. ಸ್ವಲ್ಪವೂ ಅಲುಗದ ನೀರು, ಮೇಲಿನ ಚಾವಣಿ ಹಾಗೇ ಅದರಲ್ಲಿ ಮೂಡಿ ಕೆಳಗೆ ದೊಡ್ಡ ಪಾತಾಳ ಇದೆ ಅನ್ನಿಸುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆಳ ನೋಡಿದರೆ ಏನೇನೂ ಇಲ್ಲ.

ಹಿಡಿಸದೇ ಇದ್ದದ್ದು ಬಣ್ಣದ ಲೈಟು. ನೇರಳೆ, ನೀಲಿ, ಗುಲಾಬಿ ಅಂತ ಬದಲಾಗುತ್ತಲೇ ಇರುತ್ತದೆ, ಮದುವೆ ಛತ್ರದ ಹಾಗೆ. ಗಣಿಯೊಳಗಿನ ಕತ್ತಲೆಗೇ ಒಂದು ಗಾಂಭೀರ್ಯ ಇತ್ತು, ಬಿಡಬಹುದಿತ್ತು. ಅಮ್ಮನಿಗೆ ಬಹುಶಃ ಲೈಟೇ ಇಷ್ಟವಾಗುತ್ತದೆ, ನನ್ನ ಮಾತು ಕೇಳಬೇಡಿ.

ಪ್ರಶ್ನೆ: ನಾವು ಹೋದ ವರ್ಷ ಹೋಗಿದ್ದೆವು. ಚರ್ಚಿನಲ್ಲಿ ಮುಕ್ಕಾಲು ಗಂಟೆ, ಪಚ್ಚೆಕಲ್ಲಿನ ಅಂಗಡಿಯಲ್ಲಿ ಒಂದು ಗಂಟೆ! ಗೈಡ್ ಹೇಳಿದ್ದು ಅರ್ಧ ಅರ್ಥವಾಗಲಿಲ್ಲ. ನೀವು ಯಾಕೆ ಇಷ್ಟು ಹೊಗಳುತ್ತೀರಿ?
ಆರ್. ಬಿ., ನ್ಯೂಜೆರ್ಸಿ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲ ಸಲ ನನಗೂ ಹೀಗೇ ಆಯಿತು. ವ್ಯಾನಿನಲ್ಲಿ ಹನ್ನೆರಡು ಜನ, ಗೈಡ್ ಸ್ಪ್ಯಾನಿಷ್‌ನಲ್ಲಿ ಐದು ನಿಮಿಷ ಮಾತಾಡಿ ಎಲ್ಲರನ್ನೂ ನಗಿಸಿ, ನಮ್ಮ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ ‘ಇದು ಉಪ್ಪು’ ಅಂದ. ಅಷ್ಟೇ ಅನುವಾದ. ಆಮೇಲೆ ಪಚ್ಚೆಯಂಗಡಿ. ಕೊಲಂಬಿಯಾದ ಪಚ್ಚೆಗೆ ಹೆಸರಿದೆ ನಿಜ, ಆದರೆ ಗಣಿಯೊಳಗೂ ಅಂಗಡಿ, ದಾರಿಯಲ್ಲೂ ಅಂಗಡಿ ಅಂದರೆ ಹೇಗೆ.

ಎರಡನೇ ಸಲ ಟೂರ್ ತಗೊಳ್ಳಲಿಲ್ಲ. ಬೊಗೋಟಾದ ಉತ್ತರದ ತುದಿಯಲ್ಲಿ ಪೋರ್ತಾಲ್ ನೋರ್ತೆ ಅಂತ ಸಿಟಿ ಬಸ್ಸಿನ ದೊಡ್ಡ ನಿಲ್ದಾಣವಿದೆ, ಅಲ್ಲಿಂದ ಸಿಪಾಕಿರಾ ಬಸ್ಸು ಸಿಗುತ್ತಲೇ ಇರುತ್ತದೆ, ಒಂದು ಗಂಟೆ ಹಾದಿ. ಊರಲ್ಲಿ ಇಳಿದು ಗುಡ್ಡದ ಕಡೆ ಏರುತ್ತಾ ಹೋದರೆ ಗಣಿಯ ಬಾಗಿಲು. ಟಿಕೆಟ್ ಅಲ್ಲೇ, ಗೈಡ್ ಅಥವಾ ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡ್ ಕೂಡ ಅಲ್ಲೇ. ನಮಗೆ ಸಿಕ್ಕ ಗೈಡ್‌ನ ಅಪ್ಪ ಅದೇ ಗಣಿಯಲ್ಲಿ ದುಡಿದವರಂತೆ. ಆತ ಗೋಡೆಯ ಮೇಲೆ ಕೈಯಿಟ್ಟು ಗುದ್ದಲಿಯ ಗುರುತು ತೋರಿಸುತ್ತಾ ಹೋದ. ಟೂರೇ ಬೇಕು ಅನ್ನುವವರು ದುಡ್ಡು ಕೊಡುವ ಮುಂಚೆ ಗಣಿಯೊಳಗೆ ಎಷ್ಟು ಹೊತ್ತು, ಯಾವ ಭಾಷೆ, ದಾರಿಯಲ್ಲಿ ಎಷ್ಟು ಅಂಗಡಿ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಊರಿನಲ್ಲಿ ನೋಡುವಂಥದ್ದು ಏನಿದೆ? ಅಲ್ಲೂ ಉಪ್ಪಿಗೆ ತೆರಿಗೆ, ಜಗಳ ಎಲ್ಲ ಇತ್ತಾ?
ಜಿ. ಎನ್., ಅಂಕೋಲಾ

ಉಪ್ಪಿನ ಸತ್ಯಾಗ್ರಹದ ಊರಿಂದ ಬಂದ ಪ್ರಶ್ನೆ! ಇತ್ತು. ಸ್ಪ್ಯಾನಿಷರು ಬರುವ ಬಹಳ ಮೊದಲೇ ಅಲ್ಲಿನ ಮುಯಿಸ್ಕಾ ಜನ ಉಪ್ಪುನೀರನ್ನು ಮಣ್ಣಿನ ಗಡಿಗೆಯಲ್ಲಿ ಕಾಯಿಸಿ, ನೀರು ಆರಿದ ಮೇಲೆ ಗಡಿಗೆ ಒಡೆದು ಉಪ್ಪಿನ ಗಟ್ಟಿ ತೆಗೆಯುತ್ತಿದ್ದರು. ಅದನ್ನು ಕೊಟ್ಟು ಹತ್ತಿ, ಚಿನ್ನ ತರುತ್ತಿದ್ದರು. ಆ ದೊಡ್ಡ ಚಿನ್ನದ ಕಥೆಗಳ ಹಿಂದೆ ಇದ್ದದ್ದು ಉಪ್ಪಿನ ದುಡ್ಡು. ‘ಸಿಪಾ’ ಅಂದರೆ ಅವರ ದೊರೆಯ ಬಿರುದು. ಸ್ಪ್ಯಾನಿಷರು ಬಂದ ಮೇಲೆ ಉಪ್ಪಿನ ಮೇಲೆ ಅವರ ಹಿಡಿತ ಹೋಯಿತು.

1781ರಲ್ಲಿ ಹೊಸ ತೆರಿಗೆಗಳ ವಿರುದ್ಧ ಸೊಕೊರೊ ಎಂಬ ಊರಲ್ಲಿ ದಂಗೆ ಎದ್ದಿತು. ಮನುವೇಲಾ ಬೆಲ್ತ್ರಾನ್ ಎಂಬ ಹೆಂಗಸು ಗೋಡೆಗೆ ಅಂಟಿಸಿದ್ದ ತೆರಿಗೆಯ ಆಜ್ಞೆಯನ್ನೇ ಹರಿದು ಹಾಕಿದಳು. ಸಾವಿರಾರು ಜನ ಬೊಗೋಟಾ ಕಡೆ ನಡೆದು ಬಂದು ಸಿಪಾಕಿರಾದಲ್ಲಿ ಬೀಡು ಬಿಟ್ಟರು. ಆರ್ಚ್‌ಬಿಷಪ್ ಮಾತುಕತೆಗೆ ಬಂದರು. ತೆರಿಗೆ ಇಳಿಸುವುದು, ಉಪ್ಪಿನ ನೆಲೆಗಳನ್ನು ಮೂಲನಿವಾಸಿಗಳಿಗೆ ವಾಪಸ್ ಕೊಡುವುದು ಸೇರಿ ಒಂದು ಒಪ್ಪಂದವೂ ಆಯಿತು. ಜನ ನಂಬಿ ಊರಿಗೆ ಮರಳಿದರು. ಆಮೇಲೆ ವೈಸರಾಯ್ ಒಪ್ಪಂದ ರದ್ದು ಮಾಡಿದ. ಬಿಡದೆ ಹೋರಾಡಿದ ಹೋಸೆ ಆಂತೋನಿಯೋ ಗಲಾನ್‌ನನ್ನು 1782ರಲ್ಲಿ ಕೊಂದು, ದೇಹದ ತುಂಡುಗಳನ್ನು ಬೇರೆ ಬೇರೆ ಊರಲ್ಲಿ ಪ್ರದರ್ಶನಕ್ಕಿಟ್ಟರು. ಆ ದಂಗೆಕೋರರಿಗೆ ಕೊಮುನೇರೋಸ್ ಅಂತ ಹೆಸರು, ಊರಿನ ಮುಖ್ಯ ಚೌಕಕ್ಕೂ ಅದೇ ಹೆಸರು. ನನ್ನ ಮೊದಲ ಟೂರಿನಲ್ಲಿ ಈ ಚೌಕಕ್ಕೆ ಸಿಕ್ಕಿದ್ದು ‘ಹದಿನೈದು ನಿಮಿಷ, ಬಾತ್‌ರೂಮ್ ಇಲ್ಲೇ ಮುಗಿಸಿಕೊಳ್ಳಿ’.

ಅಲ್ಲಿ ಒಂದು ಬೆಂಚು ಹಿಡಿದು ಕೂತುಕೊಳ್ಳಿ. ಸುತ್ತ ಮರದ ಬಾಲ್ಕನಿಯ ಮನೆಗಳು, ಮುಂದೆ ಕಲ್ಲಿನ ಚರ್ಚು, ಪಾರಿವಾಳ, ಸಂಜೆ ಪೇಟೆಗೆ ಬಂದ ಜನ. ನೊಬೆಲ್ ಪಡೆದ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಹೈಸ್ಕೂಲು ಓದಿದ್ದು ಇದೇ ಊರಲ್ಲಿ, 1940ರ ದಶಕದಲ್ಲಿ. ಬೆಚ್ಚಗಿನ ಕರಾವಳಿಯಿಂದ ಈ ಚಳಿಗೆ ಬಂದ ಹುಡುಗ, ಪಾಪ. 2019ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಸೈಕಲ್ ಸವಾರ ಈಗಾನ್ ಬರ್ನಾಲ್ ಬೆಳೆದದ್ದೂ ಇಲ್ಲೇ. ಈ ಏರು ರಸ್ತೆಗಳಲ್ಲಿ ಸೈಕಲ್ ತುಳಿದವನಿಗೆ ಆಲ್ಪ್ಸ್ ಯಾವ ಲೆಕ್ಕ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಹೊಟ್ಟೆಗೆ ಏನು ಸಿಗುತ್ತದೆ?
ಪಿ. ಎಚ್., ಧಾರವಾಡ

ಟೂರಿನ ಊಟ ನಂಬಬೇಡಿ, ಆ ಸೀಮೆಯ ಹೆಸರಾದ ಅಹಿಯಾಕೊ ಸೂಪಿನಲ್ಲಿ ಆಲೂಗಡ್ಡೆ ಮೂರು ಬಗೆ, ಜೊತೆಗೆ ಕೋಳಿ. ಕೋಳಿ ತೆಗೆದುಕೊಡಿ ಅಂದರೆ ತುಂಡು ತೆಗೆದು ಕೊಡುತ್ತಾರೆ, ಸಾರು ಅದೇ ಇರುತ್ತದೆ. ಮೆಕ್ಕೆಜೋಳದ ರೊಟ್ಟಿ ಅರೇಪಾವನ್ನು ಚೀಸ್ ಜೊತೆ ಕೇಳಿ, ಸುಟ್ಟ ಜೋಳದ ತೆನೆ ರಸ್ತೆಬದಿ ಸಿಗುತ್ತದೆ, ಕಾಯಿಬಾಳೆ ಜಜ್ಜಿ ಕರಿದ ಪತಕೋನ್ ಇದೆ. ‘ಸಿನ್ ಕಾರ್ನೆ, ಸಿನ್ ಪೊಯೊ’ ಅಂತ ಬಾಯಿಪಾಠ ಮಾಡಿಕೊಳ್ಳಿ, ಮಾಂಸ ಬೇಡ, ಕೋಳಿ ಬೇಡ ಅಂತ. ಎರಡನ್ನೂ ಹೇಳಬೇಕು, ಬರೀ ‘ಕಾರ್ನೆ’ ಅಂದರೆ ಕೋಳಿ ಬಂದುಬಿಡುತ್ತದೆ.

ಇನ್ನು ಅಗ್ವಾಪನೇಲಾ. ಬಿಸಿನೀರಿಗೆ ಬೆಲ್ಲ. ಅಪ್ಪಟ ಬೆಲ್ಲ! ನಿಂಬೆ ಹಿಂಡಿ ಕೊಟ್ಟರೆ ರಾಮನವಮಿ ಪಾನಕವೇ, ಬಿಸಿ ಅನ್ನುವುದೊಂದೇ ವ್ಯತ್ಯಾಸ. ಅಲ್ಲಿಯವರು ಅದರೊಳಗೆ ಚೀಸ್ ತುಂಡು ಮುಳುಗಿಸಿ ತಿನ್ನುತ್ತಾರೆ. ನಾನು ಒಂದು ಸಲ ಮಾಡಿ ನೋಡಿದೆ, ಒಂದೇ ಸಲ.

ಪ್ರಶ್ನೆ: ಹಳದಿ ಜ್ವರದ ಇಂಜೆಕ್ಷನ್ ಬೇಕೇ ಬೇಕಾ?
ಎಂ. ಟಿ., ಹಾಸನ

ಬೊಗೋಟಾ ಎತ್ತರದಲ್ಲಿರುವುದರಿಂದ ಅಲ್ಲಿ ಆ ಸೊಳ್ಳೆಯ ಕಾಟ ಇಲ್ಲ. ಆದರೆ ತೊಂದರೆ ವಾಪಸ್ ಬರುವಾಗ. ಹಳದಿ ಜ್ವರದ ದೇಶಗಳು ಅಂತ ಭಾರತ ಮಾಡಿರುವ ಪಟ್ಟಿಯಲ್ಲಿ ಕೊಲಂಬಿಯಾ ಇದೆ. ಸರ್ಟಿಫಿಕೇಟ್ ಇಲ್ಲದೆ ಬಂದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನ್‌ಗೆ, ಆರು ದಿನದವರೆಗೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು ಮಾತ್ರ ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ಶಿವಮೊಗ್ಗದ ಓದುಗರೇ, ಅಮ್ಮನ ವಿಷಯಕ್ಕೆ ನೀವೂ ಇದನ್ನು ಓದಿಕೊಳ್ಳಿ.

ಪ್ರಶ್ನೆ: ಆಂಟಿ, ಗೋಡೆ ನೆಕ್ಕಿದರೆ ಉಪ್ಪುಪ್ಪಾಗಿರುತ್ತಾ?
6ನೇ ಕ್ಲಾಸ್, ದಾವಣಗೆರೆ

ಇರುತ್ತೆ ಪುಟ್ಟಾ. ದಿನಾ ಸಾವಿರಾರು ಜನ ನೆಕ್ಕಿರುತ್ತಾರೆ, ಆದ್ದರಿಂದ ಯಾರ ನಾಲಿಗೆಗೂ ಎಟುಕದ ಮೂಲೆ ಹುಡುಕಿ, ಬೆರಳಲ್ಲಿ ಉಜ್ಜಿ ನಾಲಿಗೆಗೆ ಇಟ್ಟುಕೋ. ನಾನು ಹಾಗೇ ಮಾಡಿದ್ದು.